ಒತ್ತಾಯ ಮಾಡದ ಹೊಟೇಲು

ನಮ್ಮ ಸೋದರಮಾವನ ಫೋಟೋವನ್ನು ಹೊಸಪೇಟೆಯ ಕನಿಷ್ಠ ಮೂರು ಹೊಟೇಲುಗಳ ಅಡುಗೆಮನೆಯಲ್ಲಿ ಅಂಟಿಸಿದ್ದಾರೆ ಎಂಬುದು ನನ್ನ ಬಲವಾದ ಗುಮಾನಿ. ಪೂಜೆಗಲ್ಲ, ಎಚ್ಚರಿಕೆಗೆ! ಅವನು ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಇದ್ದಬದ್ದ ಸರ್ವರುಗಳಿಗೆಲ್ಲ ಒಮ್ಮೆಲೇ ಹಿತ್ತಿಲಲ್ಲಿ ತುರ್ತು ಕೆಲಸ ನೆನಪಾಗುತ್ತದೆ. ಕೊನೆಗೆ ಓಡಲಾಗದೆ ಉಳಿದವರು, ಅಂದರೆ ಗಲ್ಲೆಯ ಮೇಲೆ ಕೂತ ಮಾಲೀಕರೇ, ನೀರಿನ ಲೋಟ ಹಿಡಿದು ಬರುತ್ತಾರೆ. ಜೊತೆಗೆ ಹೋದ ನನ್ನ ಗತಿ ಕೇಳುವವರಾರು? ನಾನು ಇದೇ ಊರಿನಲ್ಲಿ ಹೈಸ್ಕೂಲಿನ ಗಣಿತದ ಟೀಚರು. ಅರ್ಧ ಊರು ನನ್ನಿಂದ ಬೈಸಿಕೊಂಡು ದೊಡ್ಡದಾಗಿದೆ. ಆ ಅರ್ಧ ಊರಿನ ಎದುರು ನಾನು ಮೆನು ಕಾರ್ಡಿನ ಹಿಂದೆ ಮುಖ ಮುಚ್ಚಿಕೊಂಡು ಕೂರಬೇಕು.

ಹಾಗಂತ ಅವನು ಉಪ್ಪು ಹೆಚ್ಚಾಯಿತು, ಸಾರು ಆರಿತು ಎಂದು ಜಗಳ ತೆಗೆಯುವ ಸಾಮಾನ್ಯ ಮನುಷ್ಯನಲ್ಲ. ಹಳಸಿದ ಪಲ್ಯವನ್ನಾದರೂ ಕ್ಷಮಿಸಿಯಾನು. ಅವನ ತಕರಾರು ಒಂದೇ: ಒತ್ತಾಯ ಮಾಡಲಿಲ್ಲ!

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಾವನದು ಕಂಪ್ಲಿಯಲ್ಲಿ ಅಕ್ಕಿ ಗಿರಣಿ. ಆದರೆ ಸುತ್ತ ಹತ್ತೂರಿಗೆ ಅವನು ಗೊತ್ತಿರುವುದು ಗಿರಣಿಯಿಂದಲ್ಲ, ಬಕೀಟು ಸೌಟಿನಿಂದ. ಕಂಪ್ಲಿಯಲ್ಲಿ ತೊಟ್ಟಿಲು ಕಾರ್ಯವಿರಲಿ, ಎಮ್ಮಿಗನೂರಿನಲ್ಲಿ ಮದುವೆಯಿರಲಿ, ಬಡಿಸುವವರ ದಂಡಿಗೆ ಅವನೇ ಮುಂದಾಳು. ಒತ್ತಾಯ ಮಾಡಿ ಬಡಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಅದಕ್ಕೊಂದು ಶಾಸ್ತ್ರವನ್ನೇ ಮಾಡಿಟ್ಟುಕೊಂಡಿದ್ದಾನೆ. ಉಣ್ಣುವವರು ಹೇಳುವ ಮೊದಲ 'ಬ್ಯಾಡ' ಮರ್ಯಾದೆಗೆ. ಎರಡನೆಯ 'ಬ್ಯಾಡ' ಪಕ್ಕದ ಎಲೆಯವರಿಗೆ ಕೇಳಿಸಲಿ ಎಂದು. ಮೂರನೆಯ ಸಲ ಎಲೆಯ ಮೇಲೆ ಕೈ ಅಡ್ಡ ಹಿಡಿದಾಗ ಮಾತ್ರ ಬಡಿಸುವವನು ಬೆರಳುಗಳನ್ನು ನೋಡಬೇಕು. ಬೆರಳ ಸಂದಿನಲ್ಲಿ ಎಲೆ ಕಂಡರೆ ಹೊಟ್ಟೆಯಲ್ಲಿ ಜಾಗ ಇದೆ ಎಂದೇ ಅರ್ಥವಂತೆ. ಈ ಲೆಕ್ಕದ ಮೇಲೆ ಅವನು ಸಕ್ಕರೆ ಕಾಯಿಲೆಯ ಬೀಗರೊಬ್ಬರಿಗೆ ಆರು ಹೋಳಿಗೆ ಹಾಕಿದ್ದಕ್ಕೆ ಇಡೀ ಮದುವೆ ಮನೆ ಆಸ್ಪತ್ರೆಯ ಮುಂದೆ ಸೇರಿತ್ತು. "ಸಂದು ಇತ್ತವ್ವ, ನಾ ಕಣ್ಣಾರೆ ನೋಡೀನಿ" ಎಂದು ಇವತ್ತಿಗೂ ವಾದಿಸುತ್ತಾನೆ.

ಬಫೆ ಊಟ ಬಂದ ಮೇಲೂ ಅವನು ಕೆಲಸ ಬಿಡಲಿಲ್ಲ. ಗಾದಿಗನೂರಿನ ಒಂದು ಮದುವೆಯಲ್ಲಿ ಕೇಟರಿಂಗಿನವನ ಕೈಯಿಂದ ಸೌಟು ಕಸಿದುಕೊಂಡು ತಾನೇ ಮೇಜಿನ ಹಿಂದೆ ನಿಂತ. ಕೇಟರಿಂಗಿನ ಮೇಸ್ತ್ರಿ ಇವನನ್ನು ಹೊಸ ಆಳು ಎಂದುಕೊಂಡು, "ಟೋಪಿ ಎಲ್ಲೈತಿ ನಿಂದು?" ಎಂದು ಗದರಿಸಿದ. ಅಕ್ಕಿ ಗಿರಣಿಯ ಮಾಲೀಕ, ಗಂಡಿನ ಕಡೆಯ ಹಿರಿಯ, ಬಾಯಿ ಮುಚ್ಚಿಕೊಂಡು ಬಿಳಿ ಟೋಪಿ ಹಾಕಿಕೊಂಡು ಸಂಜೆಯವರೆಗೆ ಬಡಿಸಿದ! ಮದುವೆ ವಿಡಿಯೋದಲ್ಲಿದೆ, ಬೇಕಾದವರು ನೋಡಬಹುದು.

ಇಂಥವನು ಉಣ್ಣುವುದನ್ನೇ ಬಿಟ್ಟರೆ ಹೇಗಿರಬೇಡ? ನಮ್ಮತ್ತೆ, ಅಂದರೆ ಅವನ ಹೆಂಡತಿ, ತೀರಿಕೊಂಡು ಐದು ತಿಂಗಳು. ಅಂದಿನಿಂದ ಅವನ ಊಟ ಇಳಿಯುತ್ತಲೇ ಬಂತು. ಅಂಗಿಯ ಕಾಲರಿನಲ್ಲಿ ಇನ್ನೊಂದು ಕುತ್ತಿಗೆ ಹಿಡಿಸುವಷ್ಟು ಜಾಗವಾಯಿತು. ಹೊಸಪೇಟೆಯ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, "ಹೊಟ್ಟೆಯೊಳಗೆ ಏನೂ ದೋಷ ಇಲ್ಲ. ಆದರೆ ಹೀಗೇ ತೂಕ ಇಳಿದರೆ ಹಾಸಿಗೆ ಹಿಡಿಯುತ್ತಾರೆ. ಹೇಗಾದರೂ ಮಾಡಿ ಉಣ್ಣಿಸಿ" ಎಂದರು. ಮಾವನ ಸೊಸೆ ನನಗೆ ಫೋನು ಮಾಡಿ ಅತ್ತಳು.

"ಅಕ್ಕಾ, ನನ್ನ ಕೈಲೆ ಆಗವಲ್ದು. ಒಂದು ರೊಟ್ಟಿ ಮುರದು ಅರ್ಧ ಅಲ್ಲೇ ಬಿಡ್ತಾರ. ಇನ್ನೊಂದು ಹಾಕಾಕ ಹೋದ್ರ ಎದ್ದು ಹೊಕ್ಕಾರ. ನಿಮ್ಮ ಮಾತರ ಕೇಳ್ತಾರೇನೋ ನೋಡ್ರಿ."

ಆಗಿನಿಂದ ಪ್ರತಿ ಭಾನುವಾರ ಅವನನ್ನು ಕರೆತಂದು ಎಲ್ಲಾದರೂ ಉಣ್ಣಿಸುವ ಕೆಲಸ ನನ್ನ ಪಾಲಿಗೆ ಬಂತು. ಮನೆಯಲ್ಲಿ ಒತ್ತಾಯ ಮಾಡಿದರೆ ಸಿಟ್ಟು, ಹೊಟೇಲಿನಲ್ಲಿ ಮಾಡದಿದ್ದರೆ ಸಿಟ್ಟು! ಇಂಥ ಮನುಷ್ಯನನ್ನು ಏನು ಮಾಡುತ್ತೀರಿ ಹೇಳಿ?

ಮೊದಲ ಭಾನುವಾರ ಸ್ಟೇಷನ್ ರೋಡಿನ ದರ್ಶಿನಿ. ಟೋಕನ್ ತೆಗೆದುಕೊಂಡು ಸಾಲಿನಲ್ಲಿ ನಿಲ್ಲಬೇಕು ಎಂದದ್ದೇ ತಡ, "ತಟ್ಟಿ ಹಿಡಕೊಂಡು ಸಾಲಿನ್ಯಾಗ ನಿಂದ್ರಾಕ ನಾನೇನ್ ಜೇಲಿನ್ಯಾಗ ಅದೀನೇನು?" ಎಂದು ಗುಡುಗಿದ. ಹಸಿದು ನಿಂತ ಸಾಲೆಲ್ಲ ತಿರುಗಿ ನಮ್ಮನ್ನೇ ನೋಡಿತು. ಮುಂದಿನ ವಾರ ಎಸಿ ಹೊಟೇಲು. ಮೇಜಿನ ಮೇಲಿನ ಚೌಕದ ಚಿತ್ರಕ್ಕೆ ಫೋನು ಹಿಡಿದರೆ ಅದೇ ಆರ್ಡರು ತೆಗೆದುಕೊಳ್ಳುತ್ತದೆ ಎಂದೆ. "ಹಸಿವಿ ಆಗಿದ್ದು ಫೋನಿಗೇನು?" ಎಂದು ಎದ್ದೇಬಿಟ್ಟ. ಅದರ ಮುಂದಿನ ವಾರ ಸಂಡೂರಿಗೆ ಹೋದೆವು. ಅಲ್ಲೊಂದು ಊಟದ ಹೊಟೇಲು. ಎಷ್ಟು ಬೇಕಾದರೂ ಹಾಕುತ್ತಾರೆ. ಬಡಿಸುವವನು ಪಾಪ ಒಳ್ಳೆಯವನೇ, "ಏನಾರ ಬೇಕಂದ್ರ ಕೇಳ್ರಿ" ಎಂದ.

"ಉಣ್ಣಾಕ ಕುಂತಾವ ಬಾಯಿಬಿಟ್ಟು ಕೇಳಬೇಕಾ? ಅರ್ಜಿ ಕೊಡಾಕ ಇದೇನು ತಾಲೂಕಾಫೀಸಾ?"

"ಹಂಗಾದ್ರ ಹಾಕ್ಲೇನ್ರಿ?"

"ಬ್ಯಾಡ!"

ಆವತ್ತು ಬಸ್ಸಿನಲ್ಲಿ ನಾನು ಅವನ ಜೊತೆ ಮಾತಾಡಲಿಲ್ಲ. ನಾನೂ ಮನುಷ್ಯಳೇ ಅಲ್ಲವೇ? ಭಾನುವಾರ ಒಂದು ದಿನ ಮಲಗೋಣ ಎಂದರೆ ಈ ಪುಣ್ಯಾತ್ಮನ ಹಿಂದೆ ಊರೂರು ತಿರುಗಿ ಕಂಡವರ ಕ್ಷಮೆ ಕೇಳಬೇಕು! ಇಷ್ಟಾಗಿ ಅವನ ಹೊಟ್ಟೆಗೆ ಹೋದದ್ದು ನಾಲ್ಕು ತುತ್ತು.

ಹೀಗೆ ಹೊಟೇಲುಗಳೆಲ್ಲ ಮುಗಿದು ಹೋಗಿ ಬೇರೆ ದಾರಿಯಿಲ್ಲದೆ ಹಂಪಿ ರಸ್ತೆಯ ಹೊಸ ಹೊಟೇಲಿಗೆ ಕರೆದುಕೊಂಡು ಹೋದೆ. ಬೋರ್ಡಿನ ಮೇಲೆ 'ಆಫ್ರಿಕನ್ ಫ್ಯೂಷನ್' ಎಂದಿತ್ತು. ಮಾಲೀಕರು ಸಂಡೂರಿನವರು. ಅದಿರಿನ ಕೆಲಸ ಬಲ್ಲವರಾದ್ದರಿಂದ ಟಾಂಜಾನಿಯಾದ ಗಣಿಯೊಂದರಲ್ಲಿ ಹದಿನೈದು ವರ್ಷ ದುಡಿದು, ಅಲ್ಲಿಯ ಹೆಣ್ಣುಮಗಳನ್ನೇ ಮದುವೆಯಾಗಿ ಬಂದವರು. ಹೆಂಡತಿ ಅಡುಗೆ ಮಾಡುತ್ತಾರೆ, ಇವರು ಬಡಿಸುತ್ತಾರೆ.

"ಫ್ಯೂಷನ್ ಅಂದ್ರ ಏನವ್ವ?" ಮಾವ ಕೇಳಿದ.

"ಎರಡು ಕಡಿ ಅಡಿಗಿ ಕೂಡಿಸಿ ಮಾಡೋದು, ಮಾಮಾ."

"ನಿಮ್ಮತ್ತಿ ನಿನ್ನಿ ಪಲ್ಯ ಇವತ್ತಿನ ಸಾರಿಗೆ ಹಾಕ್ತಿದ್ಲಲ್ಲ, ಹಂಗಾ?"

"ಹ್ಞೂಂ, ಹಂಗ ಅಂತ ತಿಳ್ಕೋ. ಇವತ್ತು ಮಾತ್ರ ಜಗಳ ಬ್ಯಾಡ, ನಿನ್ನ ಕಾಲು ಬೀಳ್ತೀನಿ."

ಮಾಲೀಕರು ಕಪ್ಪು ಏಪ್ರನ್ ಕಟ್ಟಿಕೊಂಡು ಬಂದು ಬಾಗಿದರು. ನಾವು ಮಾಂಸ ತಿನ್ನುವುದಿಲ್ಲ ಎಂದದ್ದಕ್ಕೆ ಉಗಾಲಿ ತಂದರು. ಬಿಳಿ ಮೆಕ್ಕೆಜೋಳದ ಹಿಟ್ಟು ತಿರುವಿ ಮಾಡಿದ ಮುದ್ದೆ. ಜೊತೆಗೆ ತೆಂಗಿನ ಹಾಲಿನ ಅವರೆಕಾಳು, ಶೇಂಗಾ ಅರೆದು ಹಾಕಿದ ಸೊಪ್ಪು, ಫ್ಯೂಷನ್ ಲೆಕ್ಕಕ್ಕೆ ನಮ್ಮ ಗುರೆಳ್ಳು ಪುಡಿ. ತಟ್ಟೆ ಮೊರದಷ್ಟು ಅಗಲ, ಅದರ ನಟ್ಟನಡುವೆ ಮುದ್ದೆ ಮಾತ್ರ ನಿಂಬೆಹಣ್ಣಿನಷ್ಟು!

"ಉಳಿದದ್ದು ಎಲ್ಲಿ?" ಎಂದು ಮಾವ ತಟ್ಟೆಯ ಅಡಿಗೆ ಬಗ್ಗಿ ನೋಡಿದ. ನಾನು ಮೇಜಿನ ಕೆಳಗೆ ಅವನ ಕಾಲು ತುಳಿದೆ. ಒಂದು ಚೂರು ಮುರಿದು, ಸೊಪ್ಪಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡ. ಅಗಿದ. "ಇದು ನಮ್ಮ ಸಂಗಟಿ ಮುದ್ದಿ ಅಲ್ಲೇನವ್ವ!" ಎಂದು ಇನ್ನೊಂದು ಚೂರು ಮುರಿದ. ಮತ್ತೊಂದು. ನಾನು ಉಸಿರು ಬಿಗಿಹಿಡಿದು ಅವನ ತಟ್ಟೆಯನ್ನೇ ನೋಡುತ್ತಿದ್ದೆ. ನೋಡನೋಡುತ್ತ ತಟ್ಟೆ ಖಾಲಿ! ಐದು ತಿಂಗಳಲ್ಲಿ ಮೊದಲ ಸಲ! ನನಗೆ ಎದ್ದು ಕುಣಿಯಬೇಕೆನಿಸಿತು.

ಅಷ್ಟರಲ್ಲಿ ಮಾಲೀಕರು ಬಂದರು. "ಇನ್ನ ಸ್ವಲ್ಪ ಹಾಕ್ಲೇನ್ರಿ ಸರ್?"

"ಬ್ಯಾಡ್ರಿ" ಎಂದ ಮಾವ, ಅಭ್ಯಾಸದಂತೆ.

"ಥ್ಯಾಂಕ್ಯೂ ಸರ್" ಎಂದು ಆ ಮನುಷ್ಯ ತಟ್ಟೆ ಎತ್ತಿಕೊಂಡು ಹೊರಟೇಬಿಟ್ಟರು.

ಮಾವ ಕೈ ಚಾಚಿದಲ್ಲೇ ಕಲ್ಲಾದ. ನನಗೂ ತಲೆ ಕೆಟ್ಟಿತು. ಇಷ್ಟು ದಿನದ ಸಿಟ್ಟೆಲ್ಲ ಮಾವನ ಮೇಲಿತ್ತಲ್ಲ, ಅದು ಒಂದೇ ಏಟಿಗೆ ಏಪ್ರನ್ ಕಡೆ ತಿರುಗಿತು.

"ಏ ತಮ್ಮಾ, ಬಾ ಇಲ್ಲಿ" ಮಾವ ಕೂಗಿದ. "ನೀ ಸಂಡೂರಾವಲ್ಲೇನು? ಎಲ್ಲಿಂದಲೋ ಬಂದಾವ ಆಗಿದ್ರ ಬಿಡತ್ಲಾಗ ಅಂತಿದ್ದೆ. ಸಂಡೂರಾವಾಗಿ ಒಂದು ಸಲ ಬ್ಯಾಡ ಅಂದದ್ದಕ್ಕ ತಟ್ಟಿ ಎತ್ತತೀಯಲ್ಲೋ!"

"ಯಜಮಾನ್ರ, ನೀವ ಬ್ಯಾಡ ಅಂದ್ರಲ್ರಿ..."

"ಮತ್ತ ಏನನ್ನಲಿ? ಹಾಕು ಹಾಕು ಅಂತ ಬಾಯಿ ತಕ್ಕೊಂಡು ಕುಂದರಲಾ?"

"ಅವ್ರು ತಟ್ಟಿ ಖಾಲಿ ಮಾಡಿದ್ದು ಐದು ತಿಂಗಳಾದ ಮ್ಯಾಲೆ ಇವತ್ತು, ಗೊತ್ತೇನ್ರಿ ನಿಮಗ?" ನಾನೂ ಎದ್ದು ನಿಂತು ಕಿರುಚಿದೆ. ಪಕ್ಕದ ಮೇಜಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೂತಿದ್ದ. ಕೂತಿರಲಿ!

ಮಾಲೀಕರ ಮುಖ ಅಳುವಂತಾಯಿತು. "ಮೊದಲು ನಾನೂ ಒತ್ತಾಯ ಮಾಡ್ತಿದ್ದೆ ರೀ. ಹಂಪಿ ನೋಡಾಕ ಬಂದಾವ್ರು ಫೋನಿನ್ಯಾಗ ಬರದ್ರು, ಇಲ್ಲಿ ಬ್ಯಾಡ ಅಂದ್ರೂ ಬಿಡೋದಿಲ್ಲ ಅಂತ. ಒಂದ ಸ್ಟಾರ್ ಕೊಟ್ರು ರೀ, ಒಂದ! ಅವತ್ತಿನಿಂದ ಬಾಯಿ ಮುಚ್ಕೊಂಡೀನಿ."

"ಬ್ಯಾಡ ಅಂದ್ರೂ ಬಿಡೋದಿಲ್ಲ ಅಂದ್ರ ಅದು ಬೈಗುಳ ಏನೋ? ಬಾಗಿಲ ಮುಂದ ಬೋರ್ಡ್ ಬರಸು ಅದನ್ನ!"

ಗದ್ದಲ ಕೇಳಿ ಅಡುಗೆಮನೆಯಿಂದ ಅವರ ಹೆಂಡತಿ ಬಂದರು. ಎತ್ತರದ ಹೆಂಗಸು, ಸೊಂಟಕ್ಕೆ ಹೂವಿನ ಬಟ್ಟೆ ಸುತ್ತಿಕೊಂಡಿದ್ದರು, ಮೊಣಕೈವರೆಗೆ ಹಿಟ್ಟು. ಗಂಡನನ್ನು ತಮ್ಮ ಭಾಷೆಯಲ್ಲಿ ಏನೋ ಕೇಳಿದರು. ಅವರು ಏನು ವಿವರಿಸಿದರೋ, ಆಕೆ ಗಂಡನನ್ನೇ ಚೆನ್ನಾಗಿ ಬೈದು ಒಳಗೆ ಹೋದರು. ಬರುವಾಗ ಕೈಯಲ್ಲಿ ಇಡೀ ಪಾತ್ರೆ! ಹೊಸ ತಟ್ಟೆ ಇಟ್ಟು, ದೊಡ್ಡದೊಂದು ಮುದ್ದೆ ಎತ್ತಿದರು.

"ಬ್ಯಾಡವ್ವ, ಬ್ಯಾಡ" ಎಂದು ಮಾವ ಕೈ ಅಡ್ಡ ಹಿಡಿದ. ಆಕೆಗೆ ಕನ್ನಡ ಬಾರದು. ಆ ಕೈಯನ್ನು ಮಣಿಕಟ್ಟು ಹಿಡಿದು ಪಕ್ಕಕ್ಕಿಟ್ಟು, ಮುದ್ದೆ ಹಾಕಿ, ಸೊಪ್ಪು ಸುರಿದು, ಸೊಂಟದ ಮೇಲೆ ಕೈಯಿಟ್ಟುಕೊಂಡು ಅಲ್ಲೇ ನಿಂತರು. ಮಾವ ತೆಪ್ಪಗೆ ಉಂಡ. ಆಕೆ ಇನ್ನೊಂದು ಹಾಕಿದರು. ಅದನ್ನೂ ಉಂಡ. ನನ್ನ ಸಂತೋಷಕ್ಕೆ ಪಾರವಿರಲಿಲ್ಲ. ಡಾಕ್ಟರಿಗೆ ಅಲ್ಲಿಂದಲೇ ಫೋನು ಮಾಡೋಣ ಎನಿಸಿತು.

ಉಂಡು ಕೈ ತೊಳೆದು ಬಂದ ಮಾವ ಆಕೆಯ ಮುಖ ನೋಡಿದ. "ಈ ತಂಗಿ ಉಂಡಾಳೇನೋ ತಮ್ಮಾ?"

"ಇಲ್ರಿ. ಗಿರಾಕಿ ಎಲ್ಲಾ ಹೋದ ಮ್ಯಾಲೆ, ನಾಕು ಗಂಟಿ ಸುಮಾರಿಗೆ ಒಳಗ ಒಬ್ಬಾಕಿನ ಉಣ್ತಾಳ್ರಿ."

ಮಾವ ತಾನು ಕೂತಿದ್ದ ಕುರ್ಚಿಯನ್ನು ಎಳೆದು, ಪಾತ್ರೆಯನ್ನು ಆಕೆಯ ಕೈಯಿಂದ ತೆಗೆದುಕೊಂಡ. "ಕುಂದ್ರವ್ವ." ಆಕೆ ನಗುತ್ತ ತಲೆ ಅಲ್ಲಾಡಿಸಿದರು. "ಕುಂದ್ರವ್ವ, ಮೊದಲು ಉಣ್ಣು. ಗಿರಾಕಿ ಕಾಯ್ತಾರ." ಗಂಡ ಏನೋ ಹೇಳಿದ ಮೇಲೆ ಸಂಕೋಚದಿಂದ ತುದಿಯಲ್ಲಿ ಕೂತರು. ಮಾವ ಅಂಗಿಯ ತೋಳು ಮಡಚಿದ. ಮುದ್ದೆ ಹಾಕಿದ, ಕಾಳು ಹಾಕಿದ. ಆಕೆ "ಹಪಾನ, ಹಪಾನ" ಎನ್ನುತ್ತ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು. ಅವರ ಭಾಷೆಯಲ್ಲಿ ಬೇಡ ಎಂದಂತೆ. ನಮ್ಮ ಮಾವ ಬಿಡುವವನೇ? "ಇದೊಂದು ಸೌಟು, ನನ್ನ ಸಲುವಾಗಿ" ಎಂದು ಸೌಟು ಎತ್ತಿದ.

ಎತ್ತಿದ ಕೈ ಹಾಗೇ ನಿಂತಿತು.

"ಮಾಮಾ?" ಎಂದೆ.

"ಇಡೀ ಕಂಪ್ಲಿಯಾಗ ಯಾರು ಎಷ್ಟು ಉಣ್ತಾರ ಅಂತ ನನಗ ಗೊತ್ತವ್ವ" ಎಂದ, ನನ್ನ ಕಡೆ ನೋಡದೆ. "ನಿಮ್ಮತ್ತಿ ಎಷ್ಟು ರೊಟ್ಟಿ ಉಣ್ತಿದ್ಲು ಅಂತ ಕೇಳು, ಗೊತ್ತಿಲ್ಲ. ನಾ ಉಂಡು ಎದ್ದು ಗಿರಣಿಗೆ ಹೋಗ್ತಿದ್ದೆ. ಆಕಿ ಆಮ್ಯಾಲೆ ಒಳಗ ಒಬ್ಬಾಕಿನ ಕುಂತು ಉಣ್ತಿದ್ಲು. ನಲ್ವತ್ತು ವರ್ಷದಾಗ ಒಂದಿನ, ಒಂದ ಒಂದಿನ, ಇನ್ನೊಂದು ಹಾಕ್ಲೇನು ಅಂತ ನಾ ಕೇಳಲಿಲ್ಲ. ಆ ಮನ್ಯಾಗ ರೊಟ್ಟಿ ಮುರದ್ರ ಅದ ನೆನಪಾಕೈತಿ. ಗಂಟಲಾಗ ಇಳಿಯವಲ್ದು."

ಇಷ್ಟು ದಿನ ಅವನಿಗೆ ಹಟ, ಕೊಬ್ಬು, ಹುಚ್ಚು ಎಂದೆಲ್ಲ ಬೈದವಳು ನಾನೇ. ನನಗೆ ನಾಚಿಕೆಯಾಯಿತು, ಅಳು ಬಂತು.

ಮಾಲೀಕರು ಹೆಂಡತಿಗೆ ತಿಳಿಸಿ ಹೇಳಲು ಬಾಯಿ ತೆರೆದರು. ಆಕೆ ಸುಮ್ಮನಿರು ಎಂಬಂತೆ ತಲೆ ಆಡಿಸಿ, ಮಾವನ ಮುಖವನ್ನೇ ನೋಡುತ್ತ, ಅಡ್ಡ ಹಿಡಿದಿದ್ದ ಕೈಯನ್ನು ತೆಗೆದರು. ತಟ್ಟೆಯನ್ನು ಅವನ ಕಡೆ ಸರಿಸಿದರು.

ಮಾವ ಬಡಿಸಿದ. ಇನ್ನೊಂದು ಸೌಟು ಬಡಿಸಿದ. ಆಕೆ ಸಾಕು ಎನ್ನಲಿಲ್ಲ.