ಅವ್ವನ ಮೂರೂರಿನ ಮಾತ್ರೆಗಳು

ನೆಟ್ಟಗೆ ಸಾಗುವ ನೆನಪುಗಳ ಮೇಲೆ ನನಗೆ ನಂಬಿಕೆಯಿಲ್ಲ. ಯಾರಾದರೂ ತಮ್ಮ ಬಾಲ್ಯವನ್ನು ಮೊದಲಿನಿಂದ ಕೊನೆಯವರೆಗೆ ತಡವರಿಸದೆ ಹೇಳಿದರೆ, ಇಸ್ತ್ರಿ ಮಾಡಿದ ಬನೀನು ಕಂಡ ಹಾಗೆ ಅನುಮಾನವಾಗುತ್ತದೆ. ನೆನಪು ಅಂದಮೇಲೆ ಅಲ್ಲಲ್ಲಿ ಹರಿದಿರಬೇಕು, ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿರಬೇಕು. ಭಾರತೀನಗರದ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಾ, ಬಿಡುವಿನಲ್ಲಿ ಯಾರಿಗೂ ಅರ್ಥವಾಗದ ಪದ್ಯ ಬರೆಯುತ್ತಾ ನಾನು ಕಟ್ಟಿಕೊಂಡ ಸಿದ್ಧಾಂತ ಇದು. ಮನೆಯಿಂದ ಹೊರಗೆ ಇರುವವರೆಗೆ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ಕಳೆದ ಚಳಿಗಾಲದಲ್ಲಿ ಅದು ಮದ್ದೂರಿನ ನಮ್ಮ ಮನೆಯ ಜಗಲಿಗೇ ಬಂದು ಕೂತಿತು. ಚಳಿಗಾಲವೇ ಹೌದೋ ಅಲ್ಲವೋ. ಮಂಜು ಇತ್ತೆಂದು ನನ್ನ ನೆನಪು, ಕಬ್ಬಿನ ಸೋಗೆ ಸುಟ್ಟ ಹೊಗೆ ಎಂದು ಹೆಂಡತಿ ಸವಿತಾಳ ವಾದ. ಅಂತೂ ಆ ಬೆಳ್ಳನೆಯ ಬೆಳಗಿನಲ್ಲಿ ಅವ್ವ ಕಾಫಿ ಲೋಟ ಹಿಡಿದು, ಅರೆಗಣ್ಣು ಮುಚ್ಚಿ ಕೂತಿರುತ್ತಿದ್ದಳು. ಒಂದು ದಿನ ನಾನು ಪಕ್ಕ ಕೂರಲು ಹೋದರೆ, "ಮೆತ್ತಗೆ ಕಣ್ಲಾ ಮಗ. ಬಿಸ್ಲು ಬಂದು ನನ್ನ ಮಡ್ಲಲ್ಲಿ ಮನಿಕ್ಕಂಡದೆ, ಏಳುಸ್ಬ್ಯಾಡ" ಅಂದಳು. ಇನ್ನೊಂದು ದಿನ, "ನಿಮ್ಮಪ್ಪ ನಾಲೆ ಏರಿ ಮ್ಯಾಲೆ ನಿಂತವ್ನೆ. ಬಸ್ಸು ಬಂದ್ರೂ ಅತ್ತಾನೇ ಇಲ್ಲ. ನೀರೇ ಅವನ್ನ ದಾಟ್ಕಂಡು ಓಯ್ತಾ ಅದೆ" ಅಂದಳು. ಅಪ್ಪ ತೀರಿಕೊಂಡು ಎಷ್ಟೋ ವರ್ಷಗಳಾಗಿವೆ. ನನಗೆ ಮೈ ಜುಮ್ಮೆಂದಿತು. ನಾನು ಇಷ್ಟು ಕಾಲ ಬೆವರು ಸುರಿಸಿ ಸಾಧಿಸಲಾಗದ್ದನ್ನು ಅವ್ವ ಕೂತಲ್ಲೇ ಸಾಧಿಸಿಬಿಟ್ಟಿದ್ದಳು. ಹಿಂದು ಮುಂದಾಗಿತ್ತು, ಸತ್ತವರು ಬಸ್ಸಿಗೆ ಕಾಯುತ್ತಿದ್ದರು. ಬೆಳಿಗ್ಗೆ ಬೆಳಿಗ್ಗೆಯೇ ಇಂಥ ಮಾತು ಕೇಳಿ ಕಾಲೇಜಿಗೆ ಹೊರಟರೆ, ಕಬ್ಬಿನ ಲಾರಿಗಳ ಹಿಂದೆ ತೆವಳುವ ಬಸ್ಸು ಕೂಡ ನೀರಿನೊಳಗೆ ತೇಲುತ್ತಿದೆ ಅನ್ನಿಸುತ್ತಿತ್ತು.

ಇಲ್ಲೊಂದು ಮಾತು ಹೇಳಬೇಕು. ಅವ್ವ ಮೊದಲು ಹೀಗಿರಲಿಲ್ಲ. ಅವಳ ಬಾಯಿಗೆ ಹೆದರಿ ನಮ್ಮ ಹಾಲಿನವನು ನೀರು ಬೆರೆಸುವುದನ್ನು ಬಿಟ್ಟಿದ್ದ. ನಮ್ಮ ಬೀದಿಯ ಉಳಿದ ಮನೆಗಳಿಗೂ ಅದರಿಂದ ಉಪಕಾರವಾಗಿತ್ತು. ಸೊಸೆಯನ್ನಂತೂ ದಿನಕ್ಕೊಮ್ಮೆಯಾದರೂ ಅನ್ನದೆ ಅವಳಿಗೆ ಮುದ್ದೆ ಇಳಿಯುತ್ತಿರಲಿಲ್ಲ.

ಗೆಜ್ಜಲಗೆರೆಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಸವಿತಾ ಒಂದು ಸಂಜೆ ಬಂದವಳೇ ನನ್ನ ಮುಂದೆ ನಿಂತಳು. "ರೀ, ಅತ್ತೆ ನನ್ನ ಬೈದು ಎಷ್ಟು ದಿನ ಆಯ್ತು ಗೊತ್ತಾ?"

"ಒಳ್ಳೇದೇ ಆಯ್ತಲ್ಲ!"

"ಏನು ಒಳ್ಳೇದು? ನಿನ್ನೆ ಬೇಕಂತಲೇ ಸಾರಿಗೆ ಉಪ್ಪು ಹಾಕ್ಲಿಲ್ಲ. ಕಮಕ್ ಕಿಮಕ್ ಅನ್ನದೆ ಉಂಡ್ರು."

ಆ ಸಾರನ್ನು ನಾನೂ ಉಂಡಿದ್ದೆ. ಅದನ್ನು ನೆನಪಿಸಿದೆ. "ನಿಮ್ಮನ್ನ ಲೆಕ್ಕಕ್ಕೇ ತಗೊಂಡಿರಲಿಲ್ಲ" ಅಂದಳು.

ಮಳವಳ್ಳಿಯಿಂದ ಬಂದ ನೆಂಟರು ವಯಸ್ಸಿನ ಅರುಳು ಮರುಳು ಅಂದರು, ಕಾಫಿ ಕುಡಿದು ಹೋದರು. ನಾನು ಅದಕ್ಕೆ ಕಾವ್ಯ ಅಂತ ಅವರಿಗಿಂತ ದೊಡ್ಡ ಹೆಸರಿಟ್ಟು ಸುಮ್ಮನಿದ್ದೆ. ಆಮೇಲೊಂದು ಮಧ್ಯಾಹ್ನ ಅವ್ವ ಹಿತ್ತಲಿಗೆ ಹೋಗುತ್ತಾ ತೂರಾಡಿ ನೀರಿನ ಡ್ರಮ್ಮಿನ ಮೇಲೆ ಬೀಳುವುದರಲ್ಲಿದ್ದಳು. ಸವಿತಾ ಓಡಿಹೋಗಿ ಹಿಡಿದುಕೊಂಡಳು. ಅವ್ವ ಅವಳ ಮುಖವನ್ನೇ ನೋಡಿ, ಬಹಳ ಮೃದುವಾಗಿ, "ಯಾರ ಮನೆ ಮಗ್ಳವ್ವ ನೀನು?" ಅಂತ ಕೇಳಿದಳು. ಎಂಥಾ ಮಾತು ಎಂದು ನಾನು ತಲೆದೂಗುವಷ್ಟರಲ್ಲಿ ಸವಿತಾ ಅಳುತ್ತಿದ್ದಳು. ಅವತ್ತು ಮಾತ್ರ ನನ್ನ ಸಿದ್ಧಾಂತದ ತಳ ಅಲುಗಾಡಿತು. ಹೀಗೇ ಬಿಟ್ಟರೆ ಅವ್ವ ಎದುರಿಗೇ ಕೂತಿದ್ದೂ ನಮಗೆ ಸಿಗದೆ ಹೋಗುತ್ತಾಳೆ.

ಅವ್ವನನ್ನು ಮಂಡ್ಯಕ್ಕೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರಮ್ಮ ಸಣ್ಣ ವಯಸ್ಸಿನವರು. ಯಾವಾಗಿನಿಂದ ಹೀಗೆ ಎಂದು ನನ್ನನ್ನು ಕೇಳಿದರು. "ಅವ್ವ ಈಗ ಕಾಲವನ್ನು ಒಂದು ಗೆರೆಯ ಹಾಗೆ ನೋಡುವುದಿಲ್ಲ" ಎಂದು ಶುರುಮಾಡಿದೆ. ಅವರು ನನ್ನನ್ನು ಒಂದು ಗಳಿಗೆ ನೋಡಿ, ಕುರ್ಚಿಯನ್ನು ಸವಿತಾಳ ಕಡೆ ತಿರುಗಿಸಿಕೊಂಡರು. ಸವಿತಾ ಉಪ್ಪಿನ ಕಥೆ ಹೇಳಿದಳು. ಆಮೇಲೆ ಅವ್ವನ ಪೆಟ್ಟಿಗೆಯಿಂದ ಹುಡುಕಿ ತಂದಿದ್ದ ಸೀರೆ ಅಂಗಡಿಯ ಚೀಲವನ್ನು ಮೇಜಿನ ಮೇಲೆ ಸುರಿದಳು. ಕೆಂಪು, ಹಳದಿ, ಬಿಳಿ, ತಿಳಿಗುಲಾಬಿ. ಔಷಧಿ ಅಂಗಡಿಯವರು ಕತ್ತರಿಯಲ್ಲಿ ಕತ್ತರಿಸಿ ಕೊಟ್ಟ ಮಾತ್ರೆ ಪಟ್ಟಿಗಳ ತುಂಡುಗಳು. ಅರ್ಧದ ಮೇಲೆ ಹೆಸರೇ ಇಲ್ಲ.

ಆಗ ಗೊತ್ತಾಯಿತು. ಮಂಡಿನೋವಿಗೆ ಅವ್ವ ತವರಿಗೆ ಹೋದಾಗಲೆಲ್ಲ ಮಳವಳ್ಳಿಯ ಡಾಕ್ಟರು. ಬಿಪಿಗೂ ಕಾಲಿನ ಊತಕ್ಕೂ ಮದ್ದೂರಿನವರು. ತಲೆಸುತ್ತಿಗೆ ಭಾರತೀನಗರದವರು, ಅಲ್ಲಿಗೆ ನನ್ನ ಜೊತೆಯಲ್ಲೇ ಬಸ್ಸಿನಲ್ಲಿ ಬರುತ್ತಿದ್ದಳು, ಸಂತೆಗೆ ಅಂತ ನಾನು ತಿಳಿದಿದ್ದೆ. ರಾತ್ರಿ ನಿದ್ದೆಗೆ ತವರಿನಲ್ಲಿ ಅವಳ ಅತ್ತಿಗೆ ಕೊಟ್ಟದ್ದು ಬೇರೆ. ನಮ್ಮ ಕಡೆ ಸಾರು ಪಲ್ಯದ ಹಾಗೆ ಮಾತ್ರೆಯೂ ಮನೆಯಿಂದ ಮನೆಗೆ ಹೋಗುತ್ತದೆ.

"ಅಜ್ಜಿ, ಬೇರೆ ಕಡೆ ತೋರಿಸ್ತಿದೀನಿ ಅಂತ ಯಾರಿಗೂ ಹೇಳ್ಲಿಲ್ವಾ?" ಎಂದು ಡಾಕ್ಟರಮ್ಮ ಕೇಳಿದರು.

ಅವ್ವ ಕಷ್ಟಪಟ್ಟು ಕಣ್ಣು ಬಿಟ್ಟಳು. "ಒಬ್ರ ಮನೇಲಿ ಉಣ್ಣಕ್ ಕೂತ್ಕಂಡು, ಪಕ್ಕದ್ ಮನೇಲೂ ಉಂಡ್ಕಬಂದೆ ಅಂತ ಯೋಳಕ್ಕಾದದಾ ತಾಯಿ? ಬ್ಯಾಸ್ರ ಮಾಡ್ಕಳಕ್ಕಿಲ್ವಾ?"

ಡಾಕ್ಟರಮ್ಮ ನಗಲಿಲ್ಲ. ಮೇಜಿನ ಮೇಲೆ ತುಂಡುಗಳನ್ನು ಒಂದರ ಹಿಂದೊಂದು ಜೋಡಿಸಿದರು. "ನೋಡಿ, ನೋವಿನ ಮಾತ್ರೆ ದಿನಾ ನುಂಗಿ ಬಿಪಿ ಏರಿರಬಹುದು. ಬಿಪಿ ಮಾತ್ರೆ ಜಾಸ್ತಿ ಮಾಡಿದಾಗ ಕಾಲು ಊದಿದೆ. ಊತ ಇಳಿಯೋಕೆ ಕೊಟ್ಟದ್ದಕ್ಕೆ ತಲೆ ತಿರುಗಿದೆ. ತಲೆ ತಿರುಗೋದಕ್ಕೆ ಕೊಟ್ಟದ್ದು ಮಂಪರು ತರುತ್ತೆ, ಅದರ ಮೇಲೆ ಈ ನಿದ್ದೆ ಮಾತ್ರೆ. ಅವರವರಿಗೆ ಕಂಡಿದ್ದಕ್ಕೆ ಅವರವರು ಕೊಟ್ಟಿದಾರೆ. ಒಟ್ಟಿಗೆ ನೋಡಿದೋರು ಯಾರೂ ಇಲ್ಲ." ರಕ್ತ ಪರೀಕ್ಷೆ ಮಾಡಿಸಿದರು. ನೀವಾಗಿ ನೀವೇ ಒಂದನ್ನೂ ನಿಲ್ಲಿಸಬೇಡಿ, ನಾನು ಹೇಳಿದ ಹಾಗೆ ಒಂದೊಂದಾಗಿ ಇಳಿಸೋಣ, ಪ್ರತಿ ಸಲ ಏನಾಗುತ್ತೆ ನೋಡೋಣ ಅಂದರು. ಮಂಡಿಗೆ ಬಿಸಿನೀರಿನ ಶಾಖ, ಕೂತು ಕಾಲು ನೀಡುವ ವ್ಯಾಯಾಮ. "ಈ ಮಾತ್ರೆ ಇವರಿಗೆ ಬೇಕು ಅನ್ನೋದಕ್ಕೆ ಕಾರಣ ಕಾಣಬೇಕು. ಕಾಣದಿದ್ರೆ ನಾನು ಬರೆಯಲ್ಲ."

ಮೆಟ್ಟಿಲಿಳಿಯುತ್ತಾ ಅವ್ವ ಗೊಣಗಿದಳು: "ಒಂದ್ ಸೂಜಿನೂ ಆಕ್ನಿಲ್ಲ. ಇದ್ದುದ್ನೂ ಕಿತ್ಕಂಡ್ಳು. ಇವ್ಳೆಂಥ ಡಾಕ್ಟ್ರು ಬುಡು."

ಗದ್ದೆಯ ಮೇಲಿನ ಮಂಜು ಏಳುವ ಹಾಗೆ, ಯಾವ ಗಳಿಗೆಯಲ್ಲಿ ಅಂತ ಹೇಳಲಾಗದಂತೆ, ಅವ್ವ ತಿಳಿಯಾದಳು. ಬಿಸಿಲು ಅವಳ ಮಡಿಲು ಬಿಟ್ಟು ಒಣಹಾಕಿದ ಮೆಣಸಿನಕಾಯಿಯ ಮೇಲೆ ಹೋಗಿ ಬಿತ್ತು. ಅಪ್ಪ ಕೊನೆಗೂ ಬಸ್ಸು ಹತ್ತಿ ಹೊರಟುಹೋದ. ನನಗೆ ಸಂತೋಷವಾಯಿತು, ಅಂಥ ಮಾತು ಇನ್ನು ಸಿಗುವುದಿಲ್ಲವಲ್ಲ ಎಂದು ಒಂದು ಚೂರು ಬೇಸರವೂ ಆಯಿತು. ಒಂದು ಬೆಳಿಗ್ಗೆ ಅಡುಗೆಮನೆಯಿಂದ, "ಏನಮ್ಮಿ, ಪಾತ್ರೆ ತಿಕ್ಕಿದ್ದೀಯೋ ಸವರಿದ್ದೀಯೋ?" ಎಂಬ ಗುಡುಗು ಕೇಳಿತು. ಓಡಿಹೋಗಿ ನೋಡಿದರೆ ಸವಿತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಗುತ್ತಿದ್ದಳು.

ಆ ಖುಷಿಯಲ್ಲಿ ನಾನು ಸುಮ್ಮನಿರಬೇಕಿತ್ತು. ಅವ್ವ ಆಗ ಆಡಿದ್ದ ಮಾತುಗಳನ್ನೆಲ್ಲ ರಾಗವಾಗಿ ಅವಳಿಗೇ ಹೇಳಿ ತೋರಿಸಿದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು.

"ನಾನು ಇಂಗೆಲ್ಲ ಬಡಬಡಿಸ್ತಾ ಇದ್ರೆ ನೀನೇನ್ಲಾ ಮಾಡ್ತಿದ್ದೆ?"

"ಕೇಳ್ತಿದ್ದೆ ಕಣವ್ವ. ಬಹಳ ಚೆನ್ನಾಗಿತ್ತು."

"ಮಾತ್ರೆ ನುಂಗ್ದೋಳು ನಾನು. ನಿಂಗ್ಯಾಕ್ಲಾ ಮಂಕು ಕವುದಿತ್ತು? ಲೇ ಸವಿತಾ, ಇವ್ನುನ್ನೂ ಒಂದ್ಸತಿ ಆ ಡಾಕ್ಟ್ರಮ್ಮಂಗೆ ತೋರ್ಸಮ್ಮಿ."

"ಅವತ್ತೇ ನೋಡಿದ್ರು ಅತ್ತೆ" ಅಂದಳು ಸವಿತಾ. "ಏನೂ ಬರೀಲಿಲ್ಲ."

ಇಬ್ಬರೂ ಒಟ್ಟಿಗೆ ನಕ್ಕರು. ನಾನು ಕಾಲೇಜಿಗೆ ಹೊತ್ತಾಯಿತು ಅಂದು, ಚೀಲ ಹೆಗಲಿಗೇರಿಸಿ ಬಸ್ ನಿಲ್ದಾಣದವರೆಗೂ ಹೋದೆ. ಅವತ್ತು ಭಾನುವಾರ.