ಅಗಸಿಯೊಳಗೆ ಕಾರು ಬರಬಾರದೆಂದು ನಾನು ಬರೆದ ಅರ್ಜಿ

ನನಗೆ ಅರ್ಜಿ ಬರೆಯುವ ಚಟವಿದೆ. ನಶ್ಯವಿಲ್ಲ, ಇಸ್ಪೀಟಿಲ್ಲ, ವೀಳ್ಯದೆಲೆಗೆ ಹೆಸರಾದ ಸವಣೂರಿನಲ್ಲಿ ಹುಟ್ಟಿಯೂ ಎಲೆ ಹಾಕಿಕೊಳ್ಳುವುದಿಲ್ಲ. ಇಷ್ಟು ಸಭ್ಯನಾದ ಮನುಷ್ಯನಿಗೆ ಏನಾದರೊಂದು ಬೇಕಲ್ಲ. ನಳಕ್ಕೆ ಎರಡು ದಿನ ನೀರು ಬರದಿದ್ದರೆ ಉಳಿದವರು ಕೊಡ ಹಿಡಿದು ಪಕ್ಕದ ಓಣಿಗೆ ಓಡುತ್ತಾರೆ, ನಾನು ಪೆನ್ನು ಹಿಡಿದು ಮೇಜಿಗೆ ಓಡುತ್ತೇನೆ. 'ಮಾನ್ಯರೇ' ಎಂದು ಬರೆದ ಕೂಡಲೇ ಅರ್ಧ ಸಿಟ್ಟು ಇಳಿಯುತ್ತದೆ, 'ಇಂತಿ ತಮ್ಮ ವಿಶ್ವಾಸಿ' ಎನ್ನುವ ಹೊತ್ತಿಗೆ ನೀರಿನ ನೆನಪೇ ಇರುವುದಿಲ್ಲ. ನನ್ನ ಹೆಂಡತಿ ಸುಮಾ ಮಾತ್ರ, "ಅರ್ಜಿ ಮುಗೀತಿಲ್ಲೋ? ಈಗರೆ ಕೊಡಾ ತೊಗೊಂಡು ನಡೀರಿ," ಅನ್ನುತ್ತಾಳೆ. ಶಿಗ್ಗಾಂವದ ಕಾಲೇಜಿನಲ್ಲಿ ಇತಿಹಾಸ ಕಲಿಸುವವನು ನಾನು. ಬೇರೆಯವರ ತಪ್ಪನ್ನು ಇಸವಿಯ ಸಮೇತ ತೋರಿಸುವುದು ನನ್ನ ಹೊಟ್ಟೆಪಾಡು. ಆದ್ದರಿಂದ ನಮ್ಮ ಹಳೇ ಪೇಟೆಯಲ್ಲಿ ಕಾರುಗಳ ಕಾಟ ವಿಪರೀತವಾದಾಗ, ಓಣಿಯವರೆಲ್ಲ ಸೇರಿ ನನ್ನ ಬಾಗಿಲಿಗೇ ಬಂದರೆ ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ನಮ್ಮ ಪೇಟೆಗೆ ಒಂದು ಕಲ್ಲಿನ ಅಗಸಿ ಇದೆ. ಊರ ಹೆಬ್ಬಾಗಿಲು ಅನ್ನಿ. ನವಾಬರ ಕಾಲದಲ್ಲಿ ಅಂಬಾರಿ ಹೊತ್ತ ಆನೆ ಅದರ ಕೆಳಗೆ ತಲೆ ಎತ್ತಿಕೊಂಡೇ ಹೋಗುತ್ತಿತ್ತಂತೆ. ನಾನು ಚಿಕ್ಕವನಿದ್ದಾಗ ಅದರ ಕೆಳಗೆ ನಿಂತು ಮೇಲೆ ನೋಡಿದರೆ ಕುತ್ತಿಗೆ ನೋಯುತ್ತಿತ್ತು, ಆದರೂ ಕಣ್ಣು ತೆಗೆಯಲು ಮನಸ್ಸಾಗುತ್ತಿರಲಿಲ್ಲ. ಗಾರೆಯಿಲ್ಲದೆ ಒಂದರ ಮೇಲೊಂದು ಕೂತ ಆ ಕಲ್ಲುಗಳನ್ನು ಯಾವ ಪುಣ್ಯಾತ್ಮರು ಏರಿಸಿದರೋ ಎಂದು ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಈಗ ಅದರ ಕೆಳಗೆ ನಿಂತು ಮೇಲೆ ನೋಡುವ ಧೈರ್ಯ ಯಾರಿಗೂ ಇಲ್ಲ, ನೋಡಿದವನ ಕಾಲ ಮೇಲೆ ಗಾಲಿ ಹೋಗುತ್ತದೆ. ಹತ್ತು ಗಂಟೆಗೆ ಅಂಗಡಿಗಳು ತೆರೆದವೆಂದರೆ ಮದುವೆ ಜವಳಿಗೆ, ಕರಿದ ಖಾರಕ್ಕೆ, ಎಲೆಗೆ ಎಂದು ಎಲ್ಲೆಲ್ಲಿಂದಲೋ ಕಾರುಗಳು ಬರುತ್ತವೆ. ಒಳಬರುವ ಹಾನಗಲ್ಲಿನ ಕಾರು, ಹೊರಹೋಗುವ ಹಿರೇಕೆರೂರಿನ ಕಾರು ಅಗಸಿಯ ಕೆಳಗೆ ಎದುರುಬದುರಾದರೆ ಮುಗಿಯಿತು. ಇಬ್ಬರದೂ ಬೀಗರ ಮನೆಗೆ ಹೊರಟವರ ಗತ್ತು, ಯಾರು ಹಿಂದೆ ಸರಿದರೂ ಮಾನ ಹೋಗುತ್ತದೆ. ಹಾರ್ನಿನ ಸದ್ದಿಗೆ ಅಗಸಿಯೊಳಗಿನ ಪಾರಿವಾಳಗಳು ಎದ್ದು ಹೋಗಿ ಎಷ್ಟೋ ದಿನಗಳಾದವು.

ಆದರೆ ನಾನು ಪೆನ್ನು ಹಿಡಿದದ್ದು ಪಾರಿವಾಳಕ್ಕಾಗಿ ಅಲ್ಲ, ಗೋದತ್ತೆಗಾಗಿ. ಗೋದತ್ತೆ ಎಂದರೆ ನನ್ನ ಅಪ್ಪನ ಅಕ್ಕ, ನನ್ನನ್ನು ಎತ್ತಿ ಆಡಿಸಿ, ಕಿವಿ ಹಿಂಡಿ ದೊಡ್ಡವನನ್ನಾಗಿ ಮಾಡಿದವಳು. ಕಣ್ಣು ಹೋಗಿ ಏಳೆಂಟು ವರ್ಷಗಳಾದವು. ಕಣ್ಣು ಹೋದಮೇಲೂ ಆಕೆ ಬೆಳಗಿನ ಆರಕ್ಕೆ ಸ್ನಾನ ಮಾಡಿ, ಮಡಿ ಸೀರೆಯುಟ್ಟು, ಒಬ್ಬಳೇ ಮಠಕ್ಕೆ ಹೋಗಿ ಬರುತ್ತಿದ್ದಳು. ಒಬ್ಬಳೇ ಯಾಕೆಂದರೆ ಮಡಿಯಲ್ಲಿದ್ದಾಗ ಯಾರೂ ಕೈ ಹಿಡಿಯುವಂತಿಲ್ಲ, ಮುಟ್ಟಿದರೆ ಮತ್ತೆ ಸ್ನಾನ. ನಮ್ಮ ಮನೆಯ ಬಾಗಿಲಿನಿಂದ ಮಠದ ಮೆಟ್ಟಿಲಿನವರೆಗೆ ಹಳೆಯ ವಾಡೆಯ, ಅಂದರೆ ಹಿಂದಿನವರ ದೊಡ್ಡಮನೆಯ, ಕಲ್ಲಿನ ಗೋಡೆ ಒಂದೇ ಸಮ ಹೋಗುತ್ತದೆ. ಕಲ್ಲಿಗೆ ಮೈಲಿಗೆ ಇಲ್ಲ. ಬಲಗೈ ಗೋಡೆಯ ಮೇಲಿಟ್ಟುಕೊಂಡು, ಎಡಗೈಯಲ್ಲಿ ಹೂವಿನ ಬುಟ್ಟಿ ಹಿಡಿದು, ಆಕೆ ಹೋಗುತ್ತಿದ್ದಳಂತೆ, ಬರುವಾಗ ಕೈ ಅದಲುಬದಲಂತೆ. 'ಅಂತೆ' ಎನ್ನಲು ಕಾರಣ, ನಾನು ಅದನ್ನು ಒಮ್ಮೆಯೂ ಕಂಡವನಲ್ಲ. ನಾನು ಏಳುವುದು ಏಳೂವರೆಗೆ.

ಐದು ವರ್ಷದ ಹಿಂದೆ ಗೋದತ್ತೆ ಮಠಕ್ಕೆ ಹೋಗುವುದನ್ನು ಒಮ್ಮೆಲೇ ನಿಲ್ಲಿಸಿಬಿಟ್ಟಳು. ಕೇಳಿದರೆ, "ಸಾಕಾತು ಬಿಡೋ ರಾಘ್ಯಾ, ಓಣ್ಯಾಗ ಗಾಡಿ ಭಾಳ ಆದ್ವು," ಎಂದಳಷ್ಟೇ. ಆಮೇಲೆ ಬೆಳಗಿನ ಹೊತ್ತು ದೇವರ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದಳು. ಮಠದ ಗಂಟೆ ಕೇಳಿಸಿದಾಗ ಆಕೆಯ ಬಲಗೈ ತಾನಾಗಿ ಎದ್ದು, ಏನನ್ನೋ ಹುಡುಕಿ, ಮತ್ತೆ ಮಡಿಲಿಗೆ ಬೀಳುತ್ತಿತ್ತು. ಆಗಷ್ಟೇ ನಾನು ಹುಬ್ಬಳ್ಳಿಯಿಂದ ಹಳೇ ಕಾರೊಂದನ್ನು ತಂದಿದ್ದೆ, ಬಿಳಿಯದು. "ಅತ್ಯಾ, ಯಾಕ ಚಿಂತಿ ಮಾಡ್ತಿ? ಕಾರಿನ್ಯಾಗ ಕೂಡು, ಮಠದ ಮುಂದನ ಇಳಸ್ತೇನಿ," ಎಂದೆ. ಮಡಿಯಲ್ಲಿದ್ದವಳನ್ನು, ಹತ್ತು ಜನ ಕೂತೆದ್ದ ಸೀಟಿನ ಮೇಲೆ ಕೂಡು ಎಂದು ಕರೆದ ಮಹಾನುಭಾವ ನಮ್ಮ ಮನೆತನದಲ್ಲಿ ನಾನೊಬ್ಬನೇ ಇರಬೇಕು. ಸುಮಾ ಅಡಿಗೆಮನೆಯಲ್ಲೇ ಹಣೆ ಬಡಿದುಕೊಂಡಳು. ಗೋದತ್ತೆ ನಕ್ಕಳು. "ಸೀಟಿಗೂ ಮಡಿ ಉಡಸ್ತಿ ಏನೋ?" ಎಂದಳು. ಇನ್ನು ಮುದುಕರ ಹಟಕ್ಕೆ ಔಷಧಿಯಿಲ್ಲವೆಂದು ನಾನು ಕೈ ತೊಳೆದುಕೊಂಡೆ.

ಹಾಗಾಗಿ ಓಣಿಯವರು ಬಂದು, "ಸರ, ಒಂದ ಖಡಕ್ ಅರ್ಜಿ ಬರೀರಿ," ಎಂದಾಗ ನನಗೆ ಕೈ ತುರಿಸಿತು. ಮೂರು ರಾತ್ರಿ ನಿದ್ದೆಗೆಡಬೇಕಾಗಲಿಲ್ಲ, ಒಂದೇ ಮಧ್ಯಾಹ್ನ ಸಾಕಾಯಿತು. ಆನೆಗಳ ಗಾಂಭೀರ್ಯ, ಪಾರಿವಾಳಗಳ ವಲಸೆ, ಕಲ್ಲುಗಳ ಮೌನ ಎಲ್ಲವನ್ನೂ ತಂದೆ. ಕಣ್ಣಿಲ್ಲದ ವೃದ್ಧೆಯೊಬ್ಬಳು ಸ್ವಾರ್ಥಿಗಳ ಕಾರುಗಳಿಂದಾಗಿ ದೇವರ ದರ್ಶನಕ್ಕೇ ಎರವಾಗಿದ್ದಾಳೆ ಎಂಬ ಸಾಲನ್ನು ಗಟ್ಟಿಯಾಗಿ ಓದಿದಾಗ ಎಲೆ ಮಾರುವ ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎದುರುಮನೆಯ ಖಾರದ ಅಂಗಡಿ ಹಜರತ್‌ಸಾಬ್ ಮಾತ್ರ ನನ್ನನ್ನೇ ಒಂದು ಥರ ನೋಡುತ್ತಿದ್ದರು. ಬರವಣಿಗೆಯ ಹೊಡೆತಕ್ಕೆ ದಂಗಾಗಿದ್ದಾರೆ ಎಂದುಕೊಂಡೆ. ಕೊನೆಗೆ, 'ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಅಗಸಿಯೊಳಗೆ ಯಾವುದೇ ಕಾರು ಓಡಬಾರದು, ನಿಲ್ಲಲೂಬಾರದು' ಎಂದು ಬರೆದೆ. 'ಸೂರ್ಯೋದಯ' ಎಂಬುದು ಕಿವಿಗೆ ಚೆನ್ನಾಗಿತ್ತು ಅಂತ ಹಾಕಿದ್ದು, ಬೇರೆ ಉದ್ದೇಶವಿರಲಿಲ್ಲ.

ಆಗಬಾರದ್ದು ಆಗಿಹೋಯಿತು: ಪುರಸಭೆಯಲ್ಲಿ ಅರ್ಜಿ ಮಂಜೂರಾಯಿತು. ನನ್ನ ಜೀವಮಾನದಲ್ಲಿ ಇದೇ ಮೊದಲು. ಹದಿನೈದು ದಿನ ಪ್ರಯೋಗ ಮಾಡಿ ನೋಡುವುದು, ಕಾರುಗಳೆಲ್ಲ ಅಗಸಿಯ ಹೊರಗಿನ ಬಯಲಿನಲ್ಲಿ ನಿಲ್ಲತಕ್ಕದ್ದು ಎಂದು ಬೋರ್ಡೂ ಬಂತು. ಆ ಸಂಜೆ ನಾನು ಕಟ್ಟೆಯ ಮೇಲೆ ಕೂತು ಬಂದವರ ಅಭಿನಂದನೆ ಸ್ವೀಕರಿಸುತ್ತಿದ್ದಾಗ ಹಜರತ್‌ಸಾಬ್ ಬಂದು, "ಸರ, ನಿಮ್ಮ ಗಾಡೀನ ಯಾವಾಗ ಹೊರಗ ಒಯ್ತೀರಿ?" ಎಂದರು.

"ನನ್ನದಾ?" ಎಂದೆ. ಸತ್ಯವಾಗಿ ಹೇಳುತ್ತೇನೆ, ನನ್ನ ಕಾರೂ ಒಂದು ಕಾರು ಎಂಬುದು ಆವರೆಗೆ ಹೊಳೆದೇ ಇರಲಿಲ್ಲ. ಅದು ನಮ್ಮ ಮನೆಯಿಂದ ಹತ್ತು ಹೆಜ್ಜೆಯಾಚೆ, ವಾಡೆಯ ಗೋಡೆಗೆ ಒತ್ತಿಕೊಂಡು, ಬೇವಿನ ನೆರಳಿನಲ್ಲಿ ತನ್ನ ಪಾಡಿಗೆ ತಾನು ನಿಂತಿರುತ್ತದೆ. "ಹಜರತ್‌ಸಾಬ್ರ, ಅದೇನ ಟ್ರಾಫಿಕ್ ಅಲ್ಲಲ್ರೀ. ಅದು ನಿಂತಿರ್ತದ. ನಿಂತದ್ದು ಯಾರಿಗೆ ಏನ ಮಾಡ್ತದ?"

"ನಿಲ್ಲಬಾರ್ದು ಅಂತ ನೀವ ಬರ್ದೀರಲ್ರೀ."

ನನಗೆ ಕೆಟ್ಟ ಸಿಟ್ಟು ಬಂತು. ಬಯಲಿನಲ್ಲಿ ನೆರಳಿಲ್ಲ, ಆಡಿನ ಮರಿಗಳು ಬಾನೆಟ್ಟಿನ ಮೇಲೆ ಹತ್ತುತ್ತವೆ, ಬಣ್ಣ ಹೋಗುತ್ತದೆ, ಅರ್ಜಿ ಬರೆದವನಿಗೆ ಇಷ್ಟೂ ರಿಯಾಯಿತಿ ಇಲ್ಲವೇ ಎಂದೆಲ್ಲ ಹಾರಾಡಿದೆ. ಹಜರತ್‌ಸಾಬ್ ಬಗ್ಗಲಿಲ್ಲ. "ಹೊರಗಿನವ್ರಿಗೆ ಒಂದ ನ್ಯಾಯ, ನಿಮಗೊಂದ ನ್ಯಾಯ ಆದ್ರ ನಾಳೆ ಯಾರ ಕೇಳ್ತಾರ್ರಿ?" ಎಂದರು. ಗೊಣಗುತ್ತ ಕಾರನ್ನು ಅಗಸಿಯಾಚೆ ಒಯ್ದು ನಿಲ್ಲಿಸಿ, ಮೂರು ಸಲ ಹಿಂತಿರುಗಿ ನೋಡಿ, ನಡೆದುಕೊಂಡು ಬಂದೆ. ಮನೆಯಲ್ಲಿ ಗೋದತ್ತೆ, "ಗಾಡಿ ಒಯ್ದೇನೋ?" ಎಂದು ಕೇಳಿದಳು. ಹೌದೆಂದೆ. "ಹಂಗಾರ ನಾಳೆ ನಸಿಕಿನ್ಯಾಗ ನೀರ ಕಾಸಿಡ ಅಂತ ಸುಮಾಗ ಹೇಳು. ಮಠಕ್ಕ ಹೋಗತೇನಿ."

ಮರುದಿನ ನಾನು ಐದೂವರೆಗೇ ಎದ್ದೆ. ಓಣಿಗೆ ಬಂದು ನೋಡಿದರೆ, ಇದು ನಮ್ಮ ಓಣಿಯೇ ಎಂದು ಅನುಮಾನ ಬಂತು. ವಾಡೆಯ ಗೋಡೆ ಈ ತುದಿಯಿಂದ ಆ ತುದಿಯವರೆಗೆ ಬರಿಯ ಕಲ್ಲಾಗಿ ನಿಂತಿತ್ತು. ಅಷ್ಟು ಉದ್ದದ ಗೋಡೆ ಅಷ್ಟು ನೆಟ್ಟಗೆ ನಮ್ಮ ಮನೆಯ ಮಗ್ಗುಲಲ್ಲೇ ಇದೆಯೆಂಬುದು, ಹಳೇಬೀಡು ಹಂಪೆಗೆ ಹುಡುಗರನ್ನು ಕರೆದೊಯ್ದು ಕಲ್ಲು ತೋರಿಸುವ ನನಗೆ ಗೊತ್ತಿರಲಿಲ್ಲ. ನೀಲವ್ವ ಎಲೆಗೆ ನೀರು ಚಿಮುಕಿಸುವ ಸದ್ದು ಅಷ್ಟು ದೂರದಿಂದ ಕೇಳಿಸುತ್ತಿತ್ತು. ಹಜರತ್‌ಸಾಬ್ ಆಗಲೇ ಅಂಗಡಿಯ ಮುಂದೆ ನಿಂತಿದ್ದರು.

ಗೋದತ್ತೆ ಹೊರಗೆ ಬಂದಳು. ಹೊಸ್ತಿಲಲ್ಲಿ ಒಂದು ಕ್ಷಣ ನಿಂತು, ಬಲಗೈ ಚಾಚಿದಳು. ಕೈ ಗೋಡೆಗೆ ಹತ್ತಿತು. ಅಷ್ಟೇ, ಐದು ವರ್ಷ ನಡುವೆ ಇರಲೇ ಇಲ್ಲವೆಂಬಂತೆ ಹೊರಟಳು. ಅದನ್ನು ಹೇಗೆ ಹೇಳಲಿ! ಆಕೆಯ ಬೆರಳು ಕಲ್ಲಿನಿಂದ ಕಲ್ಲಿಗೆ ಹೋಗುವಾಗ ಒಂದು ಕಡೆಯೂ ತಡವರಿಸಲಿಲ್ಲ. ಒಂದು ಗೂಡಿನ ಹತ್ತಿರ ಕೈ ತಾನಾಗಿ ಮೇಲೆದ್ದು ದಾಟಿತು, ಮುಂದೆ ಕಲ್ಲು ಹೊರಚಾಚಿದ ಕಡೆ ಹೆಗಲು ತಾನಾಗಿ ಒಳಗೆ ಸರಿಯಿತು. "ಅಮ್ಮಾರು ಮಡೀಲೆ ಬರಾಕತ್ತಾರ, ಸರೀರಿ, ಸರೀರಿ!" ಎಂದು ಹಜರತ್‌ಸಾಬ್ ಹಾಲಿನವನನ್ನು ತಡೆದು ನಿಲ್ಲಿಸಿದರು. ನೀಲವ್ವ ಎಲೆಯ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡು, "ಬರ್ರೆವಾ, ದಾರಿ ಖುಲ್ಲಾ ಐತಿ," ಎಂದಳು. ಇತಿಹಾಸ ಇತಿಹಾಸ ಎಂದು ಇಪ್ಪತ್ತು ವರ್ಷ ಬಾಯಿ ಬಡಿದುಕೊಂಡವನು ನಾನು. ಆ ಗೋಡೆಯನ್ನು ಓದಬಲ್ಲವಳು ನನ್ನ ಮನೆಯಲ್ಲೇ, ಕಣ್ಣಿಲ್ಲದೆ, ಕತ್ತಲೆ ಕೋಣೆಯಲ್ಲಿ ಕೂತಿದ್ದಳು. ಆಕೆ ಮಠದ ಮೊದಲ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡಾಗ ನಾನು ನಾಚಿಕೆಯಿಲ್ಲದೆ ಅತ್ತುಬಿಟ್ಟೆ.

ಆಕೆ ಒಳಗೆ ಹೋದಮೇಲೆ ಹಜರತ್‌ಸಾಬರ ಹತ್ತಿರ ಹೋಗಿ, "ನೋಡಿದ್ರಿಲ್ಲೋ? ಈ ಹೊರಗಿನ ಗಾಡಿಯವರು ಐದ ವರ್ಷ ನಮ್ಮ ಅತ್ಯಾನ್ನ ಮನ್ಯಾಗ ಕೂಡಿಸಿದ್ರು," ಎಂದೆ.

ಹಜರತ್‌ಸಾಬ್ ಮೂಲೆಯಲ್ಲಿದ್ದ ಕಸಬರಿಗೆ ಕೈಗೆತ್ತಿಕೊಂಡರು. ಆಮೇಲೆ ಮೆಲ್ಲಗೆ, "ಸರ, ಹೊರಗಿನ ಗಾಡಿ ಬರೂದು ಹತ್ತಕ್ಕ. ಬೆಳಿಗ್ಗೆ ಆರಕ್ಕ ಈ ಓಣ್ಯಾಗ ಯಾರ ಗಾಡಿ ಇರ್ತೈತ್ರಿ?" ಎಂದರು.

ನಾನು ಬೇವಿನ ಮರದ ಕಡೆ ನೋಡಿದೆ. ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆಯೊಂದಿತ್ತು. ಅವರು ಹೇಳಿದ್ದು ಇಷ್ಟು: ಕಾರು ಬಂದ ಮರುದಿನ ಗೋದತ್ತೆಯ ಕೈ ಗೋಡೆ ಬಿಟ್ಟು ಕಾರಿನ ಕನ್ನಡಿಗೆ ಹತ್ತಿತು. ಮಡಿ ಹೋಯಿತೆಂದು ತಿರುಗಿ ಹೋಗಿ ಸ್ನಾನ ಮಾಡಿ ಬಂದಳು. ಮತ್ತೆ ಹತ್ತಿತು. ಬಳಸಿ ಹೋಗೋಣವೆಂದರೆ ಗೋಡೆ ಕೈತಪ್ಪಿ ನಡುವೆ ನಿಂತುಬಿಟ್ಟಳು. ನಾಲ್ಕು ದಿನ ಚಳಿಯಲ್ಲಿ ಎರಡೆರಡು ಸಲ ಸ್ನಾನವಾಯಿತು, ಐದನೆಯ ದಿನ ಬರಲಿಲ್ಲ. "ಸರ್‌ಗೆ ಹೇಳ್ತೇವ್ರಿ ಅಂದ್ವಿ. 'ಅಂವಾ ಹುರುಪಿಲೆ ತಂದಾನ, ಯಾರೂ ಹೇಳಬ್ಯಾಡ್ರಿ' ಅಂತ ಆಣಿ ಹಾಕಿಸ್ಕೊಂಡ್ರು. ಹಂಗಂತನ ನಾವು ಅರ್ಜಿ ಬರೀರಿ ಅಂತ ನಿಮ್ಮನ್ನ ಕೇಳಿದ್ವಿ." ಇಷ್ಟು ಹೇಳಿ ಹಜರತ್‌ಸಾಬ್ ಅಂಗಡಿಯ ಕಸ ಗುಡಿಸತೊಡಗಿದರು. ಸ್ವಾರ್ಥಿಗಳ ಕಾರು ಎಂದು ನಾನು ಗಟ್ಟಿಯಾಗಿ ಓದಿದಾಗ ಅಲ್ಲಿದ್ದವರೆಲ್ಲ ನಗದೆ ಹೇಗೆ ಕೂತಿದ್ದರೋ, ಅವರ ದೊಡ್ಡ ಮನಸ್ಸಿಗೆ ಕೈ ಮುಗಿಯಬೇಕು.

ಗೋದತ್ತೆ ತೀರ್ಥ ತೆಗೆದುಕೊಂಡು, ಹೋದ ಹಾಗೆಯೇ ಗೋಡೆ ಹಿಡಿದು ತಿರುಗಿ ಬಂದಳು. ಮಾರು ದೂರದಲ್ಲಿ ಆಕೆಯ ಜೊತೆಗೇ ಹೆಜ್ಜೆ ಹಾಕುತ್ತ, "ಅತ್ಯಾ, ನನಗ ಒಂದ ಮಾತ ಹೇಳಬಾರದಾಗಿತ್ತೇನ?" ಎಂದೆ.

"ಹೇಳಿದ್ರ ನೀ ಗಾಡಿ ಮಾರತಿದ್ದಿ," ಎಂದಳು, ನಿಲ್ಲದೆ. "ಮಾರಿ, 'ನಮ್ಮ ಅತ್ಯಾನ ಸಲುವಾಗಿ ಗಾಡಿ ಮಾರಿದೆ' ಅಂತ ಕಂಡವರಿಗೆಲ್ಲಾ ಹೇಳಕೋತ ತಿರಗತಿದ್ದಿ. ಅದನ್ನ ಕೇಳಕೋತ ಇರೂದಕಿಂತ ಮನ್ಯಾಗ ಕೂಡೂದ ಛಲೋ ಅನಿಸ್ತು."

"ನಾ ಅಂಥಾಂವ ಅಲ್ಲ ಅತ್ಯಾ," ಎನ್ನುವಷ್ಟರಲ್ಲಿ ಜೇಬಿನೊಳಗೆ ಫೋನು ಬಡಿದುಕೊಳ್ಳತೊಡಗಿತು. ಹುಬ್ಬಳ್ಳಿಯ ಅಕ್ಕ. ಗೋದತ್ತೆ ಮಠದ ಒಳಗಿದ್ದಾಗ, ಕಣ್ಣೀರು ಒರೆಸಿಕೊಂಡ ಕೈಯಿಂದಲೇ, 'ನನ್ನ ಅರ್ಜಿಯಿಂದ ಅತ್ಯಾ ಇವತ್ತು ಮಠಕ್ಕೆ ಹೋದಳು' ಎಂದು ನಾನು ಮನೆತನದ ವಾಟ್ಸಾಪ್ ಗುಂಪಿಗೆ ಬರೆದು ಹಾಕಿಯಾಗಿತ್ತು.

"ಎತ್ತೋ," ಎಂದಳು ಗೋದತ್ತೆ. "ನೀ ಅಂಥಾಂವ ಅಲ್ಲ ಅನ್ನೂದನ್ನ ಅವರೂ ಕೇಳಲಿ."