ಗಡಂಗಿನ ಕುಲೆಯೂ ನಮ್ಮ ಮಾವನೂ

ಉಡುಪಿ ಜಿಲ್ಲೆಯ ಪ್ರೇತಗಳಿಗೆಲ್ಲ ಒಂದು ಸಂಘ ಅಂತ ಇದ್ದಿದ್ದರೆ, ಅದರ ಮೊದಲ ಖಂಡನಾ ನಿರ್ಣಯ ನಮ್ಮ ಸೋದರಮಾವನ ವಿರುದ್ಧವೇ ಇರುತ್ತಿತ್ತು. ಇದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ! ಪಾಪ, ಅವು ಯಾವುದೋ ಅಶ್ವತ್ಥ ಮರದಲ್ಲೋ ಪಾಳು ಬಾವಿಯಲ್ಲೋ ನೆಮ್ಮದಿಯಾಗಿ ಕಾಲ ಹಾಕುತ್ತಿದ್ದವು. ಮಾವ ನಿವೃತ್ತರಾದರು, ಅವುಗಳಿಗೆ ವಸತಿ ಸಮಸ್ಯೆ ಶುರುವಾಯಿತು.

ಮಾವ ವಿಮಾ ಕಂಪೆನಿಯೊಂದರಲ್ಲಿ ಕ್ಲೇಮು ತನಿಖೆ ಮಾಡುತ್ತಿದ್ದವರು. ಸುಟ್ಟ ಅಂಗಡಿ, ಮಗುಚಿದ ಲಾರಿ, ಮುಳುಗಿದ ದೋಣಿ, ಎಲ್ಲಿ ನಷ್ಟವೋ ಅಲ್ಲಿ ಮಾವ. ಜನ ಹೇಳುವುದರಲ್ಲಿ ನಡೆದದ್ದೆಷ್ಟು, ಆಮೇಲೆ ಬೆಳೆದದ್ದೆಷ್ಟು ಎಂದು ಜರಡಿ ಹಿಡಿಯುವುದೇ ಅವರ ಉದ್ಯೋಗ. ಪಿಂಚಣಿ ಬಂದ ಮೇಲೂ ಆ ಜರಡಿಯನ್ನು ಅವರು ಕೆಳಗಿಡಲಿಲ್ಲ. ಹಾಗಂತ ದೈವಗಳ ತಂಟೆಗೆ ಹೋಗುವವರಲ್ಲ. ಕೋಲದ ದಿನ ಎಲ್ಲರಿಗಿಂತ ಮುಂದೆ ನಿಂತು ಭಕ್ತಿಯಿಂದ ಕೈಮುಗಿಯುತ್ತಾರೆ. ಅವರ ತಕರಾರೇನಿದ್ದರೂ ಸರಿಯಾದ ವಿಳಾಸವಿಲ್ಲದ ಪ್ರೇತ, ಮೋಹಿನಿಗಳ ಜೊತೆ.

ಒಮ್ಮೆ ನನ್ನ ದೊಡ್ಡಮ್ಮನ ಮಗ ಪರ್ಕಳದ ತಿರುವಿನಲ್ಲಿ ತನ್ನ ಬೈಕನ್ನು ಯಾರೋ ಹಿಂದಿನಿಂದ ಹಿಡಿದು ನಿಲ್ಲಿಸಿದರೆಂದು, ಬೈಕನ್ನು ಅಲ್ಲೇ ಬಿಟ್ಟು ಬೆವರುತ್ತಾ ಮನೆಗೆ ಬಂದ. ಅಮ್ಮ ಭಸ್ಮ ತರಲು ಓಡಿದರು. ಮಾವ ಚಪ್ಪಲಿ ಮೆಟ್ಟಿ ಅವನನ್ನೂ ಕರೆದುಕೊಂಡು ಪರ್ಕಳಕ್ಕೆ ಹೊರಟರು. ಹೋಗಿ ಬೈಕಿನ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ನೋಡಿ, ನಿನ್ನ ಪ್ರೇತಕ್ಕೆ ಪೆಟ್ರೋಲು ಕುಡಿಯುವ ಚಟ ಉಂಟೋ ಎಂದು ಕೇಳಿದರಂತೆ. ಟ್ಯಾಂಕು ಒಣಗಿ ಹೋಗಿತ್ತು! ಆ ಅಣ್ಣ ಇವತ್ತಿಗೂ ಮಾವನ ಎದುರು ಬೈಕಿನ ಸುದ್ದಿ ಎತ್ತುವುದಿಲ್ಲ.

ಇಂಥ ಮಾವನನ್ನು ಹುಡುಕಿಕೊಂಡು ಒಂದು ದಿನ ಗಿರಿಜಕ್ಕ ಬಂದರು. ಕಾಪುವಿನಿಂದ ಶಂಕರಪುರಕ್ಕೆ ಹೋಗುವ ದಾರಿಯಲ್ಲಿ ಅವರದೊಂದು ಗಡಂಗು ಇದೆ. ಗಡಂಗು ಎಂದರೆ ಶೇಂದಿ ಅಂಗಡಿ. ಶೇಂದಿಗಿಂತ ಅಲ್ಲಿಯ ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿಗೆ ಹೆಸರು, ಬಂಗುಡೆಗಿಂತ ಅಲ್ಲಿಯ ಕುಲೆಗೆ! ಸತ್ತವರು ಹೋಗಬೇಕಾದಲ್ಲಿಗೆ ಹೋಗದೆ ಇಲ್ಲೇ ಸುಳಿದಾಡಿದರೆ ನಮ್ಮ ಕಡೆ ಅವರನ್ನು ಕುಲೆ ಎನ್ನುತ್ತಾರೆ. ಮಣಿಪಾಲದ ವಿದ್ಯಾರ್ಥಿಗಳು ಫೋನು ಹಿಡಿದು ಬಂದು ಗಡಂಗಿನ ಮೂಲೆ ಮೂಲೆಯ ರೀಲು ಮಾಡಿದ ಮೇಲಂತೂ ಆ ಕುಲೆ ಜಗತ್ಪ್ರಸಿದ್ಧವಾಗಿಬಿಟ್ಟಿತು. ವ್ಯಾಪಾರಕ್ಕೆ ಒಳ್ಳೆಯದೇ ಆಯಿತಲ್ಲ ಎನ್ನುತ್ತೀರಾ? ಆದರೆ ರೀಲು ಕಾರ್ಕಳಕ್ಕೂ ಹೋಗುತ್ತದೆ. ಗಿರಿಜಕ್ಕನ ಮಗಳು ಸುಮತಿಯನ್ನು ಮೆಚ್ಚಿದ ಹುಡುಗ ಕಾರ್ಕಳದವನು. ಅವಳೂ ಅವನನ್ನು ಮೆಚ್ಚಿದ್ದಳು. ಕುಲೆ ಇರುವ ಜಾಗದಿಂದ ಹೆಣ್ಣು ತರುವುದು ಹೇಗೆ ಎಂದು ಹುಡುಗನ ತಂದೆ ತಡೆ ಹಾಕಿದ್ದರು. ಭಾನುವಾರ ತಾನೇ ಬಂದು ನೋಡಿ, ಹೌದು ಅಲ್ಲ ಹೇಳುತ್ತೇನೆ ಎಂದಿದ್ದರು.

"ಅಣ್ಣ, ನೀವು ಒಮ್ಮೆ ಬಂದು ನೋಡಿ. ಉಂಟಾದರೆ ಉಂಟು ಹೇಳಿ, ಇಲ್ಲವಾದರೆ ಇಲ್ಲ ಹೇಳಿ. ಹುಡುಗಿ ಸರಿಯಾಗಿ ಊಟ ಮಾಡದೆ ಎಷ್ಟು ಸಮಯ ಆಯ್ತು," ಎಂದರು ಗಿರಿಜಕ್ಕ.

ಮಾವನ ಮುಖ ನೋಡಬೇಕಿತ್ತು! ಹಳೇ ಕೆಲಸಕ್ಕೆ ಮತ್ತೆ ಕರೆ ಬಂದ ಸಂತೋಷ. ಸ್ಕೂಟರು ನನ್ನದು, ಆದ್ದರಿಂದ ನಾನು ಸಹಾಯಕ ತನಿಖಾಧಿಕಾರಿ. ಮಣಿಪಾಲದ ನನ್ನ ಕೆಲಸಕ್ಕೆ ರಜೆ ಹಾಕಿಸಿ ಎಳೆದುಕೊಂಡು ಹೋದರು.

ಮೊದಲ ಆರೋಪ, ಮಾಡಿನ ಮೇಲೆ ಓಡಾಡುವ ಸದ್ದು ಮತ್ತು ಮಡಕೆಯಲ್ಲಿ ಇಟ್ಟ ಶೇಂದಿ ಬೆಳಗಾಗುವಾಗ ಕಮ್ಮಿಯಾಗುವುದು. ಮಾವ ಪಂಚೆ ಎತ್ತಿಕಟ್ಟಿ ಏಣಿ ಹತ್ತಿದರು. ಅಟ್ಟದಲ್ಲಿ ತೆಂಗಿನ ಸಿಪ್ಪೆಯ ರಾಶಿಯ ಮೇಲೆ ಪುನುಗು ಬೆಕ್ಕೊಂದು ಹಾಡಹಗಲೇ ಕಾಲು ಚಾಚಿ ಮಲಗಿತ್ತು. ಮಾವ ಟಾರ್ಚು ಬಿಟ್ಟರೂ ಒಂದು ಕಣ್ಣು ಮಾತ್ರ ತೆರೆದು ಮತ್ತೆ ಮುಚ್ಚಿಕೊಂಡಿತು. ಗಿರಾಕಿಗಳೆಲ್ಲರಿಗಿಂತ ಇವನೇ ಮರ್ಯಾದಸ್ಥ, ಕುಡಿದು ಗಲಾಟೆ ಮಾಡುವುದಿಲ್ಲ ಎಂದು ಮಾವ ಕೆಳಗಿಳಿದರು.

ಎರಡನೆಯದು, ಸಂಜೆಯಾದರೆ ಎಲ್ಲಿಂದಲೋ ಮಲ್ಲಿಗೆಯ ಪರಿಮಳ. ಬಿಳಿ ಸೀರೆಯವಳು ಬರುವ ಸೂಚನೆಯಂತೆ! ಹಿತ್ತಿಲ ಬೇಲಿಯಾಚೆ ಸಾಲು ಸಾಲು ಮಲ್ಲಿಗೆ ಗಿಡಗಳು; ಶಂಕರಪುರ ಮಲ್ಲಿಗೆಗೇ ಹೆಸರಾದ ಊರು. ಬೆಳಿಗ್ಗೆ ಕೊಯ್ಯುವಾಗ ಬಿಟ್ಟುಹೋದ ಮೊಗ್ಗುಗಳು ಸಂಜೆಗೆ ಅರಳುತ್ತವೆ. "ಶಂಕರಪುರದ ಬುಡದಲ್ಲಿ ಮಲ್ಲಿಗೆ ಪರಿಮಳ ಬಂದರೆ ಎಂತದು ಹೆದರುವುದು ಮಾರಾಯ್ತಿ? ಬಾರದಿದ್ದರೆ ಹೆದರಬೇಕು," ಎಂದು ಮಾವ ನನ್ನ ಮೇಲೆಯೇ ರೇಗಿದರು. ನಾನೇನು ಹೆದರಿದ್ದೆನೇ? ಸ್ವಲ್ಪ.

ಉಳಿದದ್ದು ಮೂಲೆಯ ಬೆಂಚು. ಗಿರಿಜಕ್ಕನ ಗಂಡ ಕುಡಿದು ಕುಡಿದು ಅಲ್ಲೇ ಸತ್ತದ್ದು, ಈಗಲೂ ಅಲ್ಲಿ ದಿನಾ ಒಂದು ಗ್ಲಾಸು ಇಡದಿದ್ದರೆ ಕಾಟ ಕೊಡುತ್ತಾರೆ, ಅಂಗಡಿ ಮುಚ್ಚಿದ ಹೊತ್ತಿನಲ್ಲಿ ಮಾತು ಕೇಳಿಸುತ್ತದೆ ಎಂಬುದು ಊರಿನ ಹೇಳಿಕೆ. ಮಾವ ವಿಚಾರಿಸಿದರು. ಆ ಮನುಷ್ಯ ಸತ್ತದ್ದು ಆದಿ ಉಡುಪಿಯ ಮಾರುಕಟ್ಟೆಯಲ್ಲಿ, ತೆಂಗಿನಕಾಯಿ ಇಳಿಸುವಾಗ ಎದೆನೋವು ಬಂದು. ಇನ್ನು ಕುಡಿತ? ಗಡಂಗು ನಡೆಸಿಯೂ ಜೀವಮಾನದಲ್ಲಿ ಒಂದು ತೊಟ್ಟು ಶೇಂದಿ ಮುಟ್ಟದ ಆಸಾಮಿ ಅವರು!

ಹಾಗಾದರೆ ಮಾತು ಯಾರದ್ದು? ಅಂಗಡಿ ಬಾಗಿಲು ಹಾಕಿದ ಮಧ್ಯಾಹ್ನ ನಾವು ಹಿಂದಿನ ಜಗಲಿಯಲ್ಲಿ ಕೂತೆವು. ಸ್ವಲ್ಪ ಹೊತ್ತಿಗೆ ಒಳಗಿನಿಂದ ನಿಜವಾಗಿಯೂ ಮಾತು ಕೇಳಿಸಿತು. ನಾನು ಮಾವನ ಅಂಗಿ ಹಿಡಿದುಕೊಂಡೆ. ಮಾವ ಕಿಟಕಿಯಿಂದ ಇಣುಕಿದರು, ನಾನು ಅವರ ಕಂಕುಳ ಸಂದಿನಿಂದ.

ಸುಮತಿ ಮೂಲೆಯ ಬೆಂಚನ್ನು ಒರೆಸುತ್ತಿದ್ದಳು. ಮೇಜಿನ ಮೇಲೆ ಗ್ಲಾಸಿನಲ್ಲಿ ಹೊಗೆಯಾಡುವ ಚಾ. "ಅವರು ಬೇಡ ಹೇಳಿದರೆ ನಾನು ಎಂತ ಮಾಡುವುದು ಅಪ್ಪ?" ಎಂದು ಕೇಳುತ್ತಿದ್ದಳು. ಆಮೇಲೆ ಬೆಂಚಿನ ಅಂಚಿನಲ್ಲಿ ಕೂತು ಅಮ್ಮನ ಮಂಡಿನೋವಿನ ಬಗ್ಗೆ, ಬಂಗುಡೆ ಸಿಗದೆ ಇದ್ದದ್ದರ ಬಗ್ಗೆ ಹೇಳುತ್ತಾ ಹೋದಳು.

ತನಿಖೆ ಮುಗಿಯಿತು. ಆದರೆ ಮಾವ ಗೆದ್ದ ಮುಖ ಮಾಡಲಿಲ್ಲ. ನನಗೂ ಸಂಕಟವಾಯಿತು. ಕುಲೆ ಇಲ್ಲ, ಹುಡುಗಿಯೇ ಖಾಲಿ ಬೆಂಚಿನ ಜೊತೆ ಮಾತಾಡುತ್ತಾಳೆ ಎಂದರೆ, ಬೀಗರಾಗುವವರು ಅವಳಿಗೆ ತಲೆ ಸರಿಯಿಲ್ಲ ಎನ್ನುವುದಿಲ್ಲವೇ? ಮುಚ್ಚಿಟ್ಟರೆ ಅದು ಸುಳ್ಳು ವರದಿ. ಮಾವ ಅಂಥದ್ದನ್ನು ಯಾವ ಧಣಿಗೂ ಬರೆದುಕೊಟ್ಟವರಲ್ಲ.

ಭಾನುವಾರ ಹುಡುಗನ ತಂದೆ ಬಂದರು. ಜೀವನವಿಡೀ ಕಾರ್ಕಳದ ದಾರಿಯಲ್ಲಿ ಬಸ್ಸು ಓಡಿಸಿದ ಮನುಷ್ಯ, ಎಲ್ಲವನ್ನೂ ಕಣ್ಣು ಕಿರಿದು ಮಾಡಿಯೇ ನೋಡುವವರು. ಪುನುಗು ಬೆಕ್ಕಿನ ಕತೆಗೆ ನಕ್ಕರು. ಮಲ್ಲಿಗೆಗೆ ತಲೆಯಾಡಿಸಿದರು. ಆಮೇಲೆ ಮೂಲೆಯತ್ತ ನೋಡಿ, "ಅಲ್ಲಿ ಮಾತು ಕೇಳುತ್ತದಂತಲ್ಲ, ಅದೆಂತ?" ಎಂದರು. ಬಾಗಿಲ ಬಳಿ ನಿಂತಿದ್ದ ಸುಮತಿ ಒಂದು ಹೆಜ್ಜೆ ಹಿಂದೆ ಸರಿದಳು.

ಮಾವ ನಿಧಾನವಾಗಿ ಕೇಳಿದರು: "ಆಟಿ ತಿಂಗಳಲ್ಲಿ ನಿಮ್ಮ ಮನೆಯಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುವುದಿಲ್ವಾ?"

"ಬಡಿಸ್ತೇವೆ. ಬಡಿಸದೆ?"

"ಬಡಿಸುವಾಗ ಮಾತಾಡ್ತೀರಾ?"

"ಅಮ್ಮನ ಎಲೆಗೆ ಮೀನು ಹಾಕುವಾಗ, ಮುಳ್ಳು ಉಂಟು, ನೋಡಿಕೊಂಡು ತಿನ್ನು ಅಂತ ಹೇಳ್ತೇನೆ," ಎಂದರು, ಸಣ್ಣ ದನಿಯಲ್ಲಿ.

"ನೀವು ವರ್ಷಕ್ಕೊಮ್ಮೆ ಬಡಿಸ್ತೀರಿ. ಈ ಹುಡುಗಿ ಅಪ್ಪನಿಗೆ ದಿನಾ ಚಾ ಕೊಡ್ತಾಳೆ, ಮಾತಾಡ್ತಾಳೆ. ನಾನು ಕಣ್ಣಾರೆ ಕಂಡದ್ದು ಇಷ್ಟೇ."

ಹುಡುಗನ ತಂದೆ ಎದ್ದರು. ಬಾಗಿಲಿನತ್ತ ಹೊರಟರು ಎಂದೇ ನಾನು ಎಣಿಸಿದ್ದೆ. ಅವರು ಹೆಗಲ ಶಾಲು ಸರಿಮಾಡಿಕೊಂಡು ಮೂಲೆಗೆ ಹೋಗಿ, ಬೆಂಚಿನ ಎದುರಿನ ಸ್ಟೂಲಿನಲ್ಲಿ ಕೂತರು. ಎದುರಿಗೆ ಹಿರಿಯರೊಬ್ಬರು ಕೂತಿದ್ದಾರೋ ಎಂಬಂತೆ ಕೈಮುಗಿದರು.

"ನಾವು ಕಾರ್ಕಳದಿಂದ ಬಂದದ್ದು," ಎಂದರು. "ನಿಮ್ಮ ಮಗಳನ್ನು ನಮ್ಮ ಮನೆಗೆ ಕೊಡ್ತೀರಾ?"

ಕೇಳಿಬಿಟ್ಟರು. ಉತ್ತರ ಕೊಡುವವರು ಯಾರು? ಗಿರಿಜಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಸುಮತಿ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಆಗ ನಮ್ಮ ಮಾವ, ಜಿಲ್ಲೆಯ ಪ್ರೇತಗಳನ್ನೆಲ್ಲ ಒಕ್ಕಲೆಬ್ಬಿಸಿದ ನಮ್ಮ ಮಾವ, ಮೆಲ್ಲಗೆ ಹೋಗಿ ಆ ಬೆಂಚಿನ ಪಕ್ಕ ನಿಂತು, ಕಿವಿಗೊಡುವವರಂತೆ ಸ್ವಲ್ಪ ಬಾಗಿದರು.

"ಒಪ್ಪಿಗೆ ಉಂಟಂತೆ," ಎಂದರು.